ಬುಕ್ಕಿಂಗ್‌ಗೆ ಮೊದಲು ನಾನು ಹೇಳುವ ಮಾತು

ಕಾರ್ಯಕ್ರಮಕ್ಕೆ ಕರೆಯುವವರು ಫೋನ್ ಮಾಡಿದರೆ ಮೊದಲ ಪ್ರಶ್ನೆ "ಮೇಡಂ, ಡ್ರೆಸ್ ಹೇಗಿರುತ್ತೆ?" ಎರಡನೆಯದು "ಡ್ಯಾನ್ಸ್ ಆದ್ಮೇಲೆ ಗೆಸ್ಟ್‌ಗಳ ಜೊತೆ ಸ್ವಲ್ಪ ಹೊತ್ತು ಕೂತ್ಕೋತೀರಾ?" ಭರತನಾಟ್ಯದ ಕಲಾವಿದೆಗೆ ಇದನ್ನು ಯಾರೂ ಕೇಳುವುದಿಲ್ಲ. ಬೆಲ್ಲಿ ಡ್ಯಾನ್ಸರ್ ಅಂದ ತಕ್ಷಣ ಕೇಳಬಹುದು ಅನ್ನಿಸಿಬಿಡುತ್ತದೆ.

ನಾನು ಬೆಂಗಳೂರಿನಲ್ಲಿ ಈ ನೃತ್ಯ ಮಾಡುತ್ತೇನೆ, ಕಲಿಸುತ್ತೇನೆ. ಇಂಥ ಮಾತಿಗೆ ರೇಗಾಡುವುದಿಲ್ಲ. ನಗುತ್ತಾ ತೇಲಿಸಿಬಿಡುವುದೂ ಇಲ್ಲ. "ಇಲ್ಲ ಸರ್, ಕುಣಿದು ಹೊರಡುತ್ತೇನೆ" ಅಂತ ಹೇಳಿ, ನನ್ನ ಷರತ್ತುಗಳನ್ನು ಇಮೇಲ್ ಮಾಡುತ್ತೇನೆ. ಬಟ್ಟೆ ಬದಲಿಸಲು ಒಳಗಿನಿಂದ ಚಿಲಕ ಹಾಕಿಕೊಳ್ಳುವಂಥ ರೂಮ್ ಬೇಕು. ವೇದಿಕೆಗೂ ಮುಂದಿನ ಸಾಲಿಗೂ ನಡುವೆ ಜಾಗ ಇರಬೇಕು. ಯಾರೂ ನನ್ನ ಮೇಲೆ ನೋಟು ಎಸೆಯಬಾರದು, ಸೊಂಟಕ್ಕೆ ಸಿಕ್ಕಿಸಲು ಬರಬಾರದು. ಅರ್ಧ ದುಡ್ಡು ಮುಂಗಡ. ಇಷ್ಟಕ್ಕೆ ಒಪ್ಪದವರು ತಾವಾಗೇ ಸುಮ್ಮನಾಗುತ್ತಾರೆ. ಒಪ್ಪಿ ಕರೆಯುವವರು ಅವತ್ತು ಬಹಳ ಚೆನ್ನಾಗಿ ನೋಡಿಕೊಳ್ಳುತ್ತಾರೆ.

ವೇದಿಕೆ ಹತ್ತುವವರೆಗೂ ಕಾಸ್ಟ್ಯೂಮ್ ಮೇಲೆ ಉದ್ದನೆಯ ನಿಲುವಂಗಿ ಇರುತ್ತದೆ. ಇಳಿದ ಕೂಡಲೇ ಮತ್ತೆ ಅದೇ. ಈ ಪದ್ಧತಿ ನನ್ನದಲ್ಲ, ಬೇರೆ ದೇಶಗಳಲ್ಲೂ ಬಹಳ ಬೆಲ್ಲಿ ಡ್ಯಾನ್ಸರ್‌ಗಳು ಪಾಲಿಸುವಂಥದ್ದು. ಒಂದು ಸಲ ಆಯೋಜಕರೊಬ್ಬರು "ಇಷ್ಟೆಲ್ಲಾ ಮುಚ್ಚಿಕೊಳ್ಳೋದ್ಯಾಕೆ, ಆಮೇಲೆ ಎಲ್ಲರೂ ನೋಡ್ತಾರಲ್ಲ" ಅಂದರು. ವೇದಿಕೆಯ ಮೇಲೆ ನೋಡುವುದು ನೃತ್ಯ. ಕಾರಿಡಾರಿನಲ್ಲಿ ನೋಡುವುದು ಬೇರೆ. ಅವರಿಗೆ ಹಾಗೇ ಹೇಳಿದೆ.

ಬೆಲ್ಲಿ ಡ್ಯಾನ್ಸ್ ಅಂದರೆ ಸುಲ್ತಾನರ ಅಂತಃಪುರದಲ್ಲಿ ಗಂಡಸರನ್ನು ಒಲಿಸಿಕೊಳ್ಳುವ ಕುಣಿತ ಅಂತ ಬಹಳ ಜನ ನಂಬಿದ್ದಾರೆ. ಆದರೆ ಈಜಿಪ್ಟ್‌ನಲ್ಲಿ ಇದು ಮನೆಮನೆಯ ಕುಣಿತ. ಮದುವೆ, ನಾಮಕರಣದಲ್ಲಿ ಹೆಂಗಸರು, ಮಕ್ಕಳು, ಅಜ್ಜಿಯರು ಎಲ್ಲರೂ ಕುಣಿಯುತ್ತಾರೆ. ಅಲ್ಲಿನ ಮದುವೆ ಮೆರವಣಿಗೆಯಲ್ಲಿ ಮದುಮಕ್ಕಳ ಮುಂದೆ ಕುಣಿಯುತ್ತಾ ಸಾಗಲು ನರ್ತಕಿಯನ್ನು ಕರೆಸುವ ವಾಡಿಕೆ ಇದೆ. ಉರಿಯುವ ಮೇಣದ ಬತ್ತಿಗಳ ದೀಪಗುಚ್ಛವನ್ನು ತಲೆಯ ಮೇಲಿಟ್ಟು ಕುಣಿಯುವುದೂ ಉಂಟು. ಅದಕ್ಕೆ ಶಮದಾನ್ ಅಂತಾರೆ. ಇವತ್ತು ನಾವು ನೋಡುವ ವೇದಿಕೆಯ ರೂಪ ಬೆಳೆದದ್ದು ಕೈರೋದ ನೈಟ್‌ಕ್ಲಬ್‌ಗಳಲ್ಲಿ. ಬದಿಯಾ ಮಸಾಬ್ನಿ ಎಂಬಾಕೆ 1926ರಲ್ಲಿ ಅಲ್ಲಿ ತನ್ನದೇ ಕ್ಲಬ್ ತೆರೆದಳು. ತಹಿಯಾ ಕರಿಯೋಕಾ, ಸಾಮಿಯಾ ಗಮಾಲ್ ಅಲ್ಲಿ ಕುಣಿದು ಮುಂದೆ ಸಿನಿಮಾ ತಾರೆಯರಾದರು.

ಇನ್ನು ಹೊಟ್ಟೆ ಕುಣಿಸುವುದು ಅನ್ನುವ ಮಾತು. ಕ್ಲಾಸಿಗೆ ಬಂದವರಿಗೆ ನಾನು ಮೊದಲು ಹೇಳಿಕೊಡುವುದು ಮಂಡಿ. ಸೊಂಟ ನಡುಗುವ ಶಿಮ್ಮಿ ಹುಟ್ಟುವುದೇ ಮಂಡಿಯಲ್ಲಿ. ಒಂದು ಬಾಗುವಾಗ ಇನ್ನೊಂದು ನೆಟ್ಟಗಾಗಬೇಕು, ಎದೆ ಅಲ್ಲಾಡಬಾರದು. ಆಮೇಲೆ ಹಿಪ್ ಡ್ರಾಪ್. ಪೂರ್ತಿ ಭಾರ ಒಂದು ಕಾಲಿನ ಮೇಲೆ, ಇನ್ನೊಂದು ಕಾಲಿನ ಮುಂಪಾದ ಮಾತ್ರ ನೆಲಕ್ಕೆ. ಆ ಕಡೆಯ ಸೊಂಟ ಎತ್ತಿ, ದರ್ಬುಕಾ ಎಂಬ ಅರಬ್ ಚರ್ಮವಾದ್ಯದ 'ದುಂ' ಬೀಳುವ ಹೊತ್ತಿಗೇ ಬಿಡಬೇಕು. ಕೂದಲೆಳೆಯಷ್ಟು ತಡವಾದರೂ ಪೆಟ್ಟು ಸತ್ತ ಹಾಗೆ ಕಾಣುತ್ತದೆ. ಮಕ್ಸೂಮ್ ತಾಳದಲ್ಲಿ 'ದುಂ ತಕ್ ತಕ್ ದುಂ ತಕ್' ಅಂತ ಬಾಯಲ್ಲಿ ಹೇಳಿಸಿಯೇ ಕಾಲು ಎತ್ತಿಸುತ್ತೇನೆ. ಭರತನಾಟ್ಯ ಕಲಿತು ಬಂದ ಹುಡುಗಿಯರಿಗೆ ಈ ಅಭ್ಯಾಸ ಬೇಗ ಹತ್ತುತ್ತದೆ, ಸೊಲ್ಲುಕಟ್ಟು, ಅಂದರೆ ತಾಳದ ಸೊಲ್ಲುಗಳನ್ನು ಬಾಯಲ್ಲಿ ಹೇಳಿ ಗೊತ್ತಿರುತ್ತದಲ್ವಾ. ಕಷ್ಟವಾಗುವುದು ಅರೆಮಂಡಿಯಿಂದ, ಅಂದರೆ ಮಂಡಿ ಬಗ್ಗಿಸಿ ಅರ್ಧ ಕೂತ ಭಂಗಿಯಿಂದ, ಎದ್ದು ನಿಲ್ಲುವುದು!

ನಮ್ಮ ಮನೆಯಲ್ಲೂ ಮೊದಲು "ನಾಲ್ಕು ಜನ ಏನಂತಾರೆ" ಅಂತಲೇ ಮಾತು ಬಂತು. ಆಗ ಅಮ್ಮನಿಗೆ ಭರತನಾಟ್ಯ ಕಲಾವಿದೆ ವೆಂಕಟಲಕ್ಷಮ್ಮನವರ ವಿಷಯ ಹೇಳಿದೆ. ಕಡೂರಿನ ತಂಗಲಿ ತಾಂಡ್ಯದಲ್ಲಿ 1906ರಲ್ಲಿ ಹುಟ್ಟಿದ ಲಂಬಾಣಿ ಹುಡುಗಿ. ನೃತ್ಯಗುರು ಜಟ್ಟಿ ತಾಯಮ್ಮನವರ ಹತ್ತಿರ ಕಲಿತು ಮೈಸೂರು ಅರಮನೆಯಲ್ಲಿ ಕುಣಿದರು. ಒಳ್ಳೆ ಮನೆಯ ಹೆಣ್ಣುಮಕ್ಕಳು ಕುಣಿಯಬಾರದು ಅಂತ ಜನ ಗಟ್ಟಿಯಾಗಿ ಹೇಳುತ್ತಿದ್ದ ಕಾಲ ಅದು. ಮುಂದೆ ಅವರೇ ಮೈಸೂರು ವಿಶ್ವವಿದ್ಯಾಲಯದಲ್ಲಿ ನೃತ್ಯ ಕಲಿಸಿದರು, 1992ರಲ್ಲಿ ಪದ್ಮಭೂಷಣ ಬಂತು. ಅವರ ಸಾಧನೆಗೆ ನನ್ನನ್ನು ಹೋಲಿಸಿಕೊಳ್ಳುತ್ತಿಲ್ಲ, ಆ ಯೋಗ್ಯತೆ ನನಗಿಲ್ಲ. ಆದರೆ ಇವತ್ತು ನಾವು ಕೈಮುಗಿಯುವ ನೃತ್ಯಕ್ಕೂ ಇದೇ ಮಾತು ಅಂಟಿತ್ತು. ಅಮ್ಮ ಏನೂ ಹೇಳಲಿಲ್ಲ. ಮುಂದಿನ ಕಾರ್ಯಕ್ರಮಕ್ಕೆ ಬಂದು ಎರಡನೇ ಸಾಲಿನಲ್ಲಿ ಕೂತರು.

ನನಗೆ ಜಾಸ್ತಿ ಬೇಸರ ತರಿಸುವುದು ಪುಕ್ಕಟೆ ಕುಣಿತ. "ದುಡ್ಡಿಲ್ಲ, ಆದರೆ ಒಳ್ಳೆ ಪ್ರಚಾರ ಸಿಗುತ್ತೆ" ಅಂತ ಹೊಸ ಹುಡುಗಿಯರನ್ನು ಕರೆಯುತ್ತಾರೆ. ಅವರೂ ಹೋಗಿಬಿಡುತ್ತಾರೆ. ರೂಮಿಲ್ಲ, ಡ್ರಾಪ್ ಇಲ್ಲ, ರಾತ್ರಿ ಹನ್ನೊಂದಕ್ಕೆ ಕಾಸ್ಟ್ಯೂಮ್ ಬ್ಯಾಗ್ ಹೊತ್ತು ಆಟೋಗೆ ಕಾಯಬೇಕು. ಪುಕ್ಕಟೆ ಬಂದವಳ ಷರತ್ತನ್ನು ಆಯೋಜಕರು ಕೇಳುವುದೇ ಇಲ್ಲ. ಮುಂದಿನ ಸಲ ಅದೇ ಜನ ನನಗೆ ಫೋನ್ ಮಾಡಿ "ಹೋದ ಸಲ ಬಂದವರು ಇದೆಲ್ಲಾ ಕೇಳಲಿಲ್ಲ" ಅಂತಾರೆ. ಅದಕ್ಕೇ ನನ್ನ ವಿದ್ಯಾರ್ಥಿನಿಯರಿಗೆ ಹಿಪ್ ಡ್ರಾಪ್ ಜೊತೆಗೇ ಷರತ್ತಿನ ಇಮೇಲ್ ಬರೆಯುವುದನ್ನೂ ಕಲಿಸುತ್ತೇನೆ. ನೀವು ಈ ಕೆಲಸಕ್ಕೆ ಹೊಸಬರಾಗಿದ್ದು, ಎಷ್ಟು ಕೇಳಬೇಕು ಅಂತ ಗೊತ್ತಾಗದಿದ್ದರೆ, ಒಪ್ಪಿಕೊಳ್ಳುವ ಮೊದಲು ನನ್ನನ್ನು ಕೇಳಿ. ನಾನು ತೆಗೆದುಕೊಳ್ಳುವ ರೇಟನ್ನು ಮುಚ್ಚಿಡದೆ ಹೇಳುತ್ತೇನೆ.