ಅಮ್ಮನ ಕೈ ನಿಂತ ಸೀನು

13 ಜುಲೈ 2025, ಭಾನುವಾರ

ಮಧ್ಯಾಹ್ನ ಊಟ ಆದಮೇಲೆ ಅಮ್ಮನನ್ನು ಕೂರಿಸಿಕೊಂಡು 'ತಿಥಿ' ಸಿನಿಮಾ ಹಾಕಿದೆ. ನನಗೆ ನಾಲ್ಕನೇ ಸಲ, ಅವಳಿಗೆ ಮೊದಲು. ಅಮ್ಮ ಮಂಡ್ಯದ ಕಡೆಯವಳು. ಟೀವಿ ಮುಂದೆ ಸುಮ್ನೆ ಕೂತು ಗೊತ್ತಿಲ್ಲ, ಮೊರದ ತುಂಬಾ ದಂಟಿನ ಸೊಪ್ಪು ಇಟ್ಟುಕೊಂಡು ಬಿಡಿಸುತ್ತಿದ್ದಳು. ಶುರುವಿನಲ್ಲಿ ನೂರು ದಾಟಿದ ಮುದುಕ ಸೆಂಚುರಿ ಗೌಡ ದಾರಿಯಲ್ಲಿ ಹೋಗಿಬರೋರನ್ನೆಲ್ಲ ಬೈಯುವಾಗ ಜೋರಾಗಿ ನಕ್ಕಳು. ಆಮೇಲೆ ಅವನ ಮಗ ಗಡ್ಡಪ್ಪ ರಾತ್ರಿ ಕುರಿಗಾಹಿಗಳ ಜೊತೆ ಬೆಂಕಿ ಮುಂದೆ ಕೂತು ತನ್ನ ಹೆಂಡತಿಯ ಕಥೆ, ತನ್ನಪ್ಪ ಮಾಡಿದ್ದರ ಕಥೆ ಹೇಳುತ್ತಾನಲ್ಲ, ಅಲ್ಲಿ ಅವಳ ಕೈ ನಿಂತುಹೋಯಿತು. ಒಂದು ದಂಟು ಬೆರಳ ನಡುವೆ ಹಾಗೇ ಉಳಿಯಿತು.

ಆ ಸೀನಿನಲ್ಲಿ ಪಿಟೀಲಿಲ್ಲ, ಕೊಳಲಿಲ್ಲ. ಇಡೀ ಚಿತ್ರಕ್ಕೇ ಹಿನ್ನೆಲೆ ಸಂಗೀತ ಇಲ್ಲ. ಮುದುಕನ ದನಿ, ಬೆಂಕಿ, ಕತ್ತಲು ಅಷ್ಟೇ. ನಟಿಸಿದವರು ಮಂಡ್ಯ ಕಡೆಯ ನೊದೆಕೊಪ್ಪಲು ಮತ್ತು ಸುತ್ತಲಿನ ಜನ, ಕ್ಯಾಮೆರಾ ಮುಂದೆ ಮೊದಲ ಸಲ ನಿಂತವರು. ಅವರನ್ನು ನಂಬಿ ನಿರ್ದೇಶಕ ರಾಮ್ ರೆಡ್ಡಿ ಸುಮ್ಮನಿದ್ದರು. ನಮ್ಮನ್ನೂ ನಂಬಿದರು. ನನಗೆ ಸಿನಿಮಾದಲ್ಲಿ ಬೇಕಾಗಿರೋದು ಇದೇ. ನಟಿಯ ಕಣ್ಣು ಒದ್ದೆಯಾಗೋ ಮೊದಲೇ ಹತ್ತು ಪಿಟೀಲು ಅಳೋಕೆ ಶುರು ಮಾಡಿದರೆ ನನಗೆ ಅಳು ಬರಲ್ಲ, ಸಿಟ್ಟು ಬರುತ್ತೆ.

'ಘಟಶ್ರಾದ್ಧ' ನೋಡಿದಾಗಲೂ ಹೀಗೇ ಆಗಿತ್ತು. 1977ರ ಚಿತ್ರ, ನಿರ್ದೇಶಕ ಗಿರೀಶ ಕಾಸರವಳ್ಳಿಯವರ ಮೊದಲನೆಯದು, ಅದಕ್ಕೇ ರಾಷ್ಟ್ರಪ್ರಶಸ್ತಿಯ ಸ್ವರ್ಣಕಮಲ ಬಂತು. ಬದುಕಿರುವ ಮಗಳಿಗೆ ಅಪ್ಪನೇ ಶ್ರಾದ್ಧ ಮಾಡುವ ಕಥೆ. ಇನ್ನೊಬ್ಬರ ಕೈಗೆ ಸಿಕ್ಕಿದ್ದರೆ ಕಿರುಚಾಟವೇ ಆಗಿಬಿಡುತ್ತಿತ್ತು. ಇಲ್ಲಿ ಬಿ.ವಿ. ಕಾರಂತರ ಸಂಗೀತ ಇದೆ, ಆದರೆ ಎಷ್ಟು ಬೇಕೋ ಅಷ್ಟೇ. ಕೊನೆಯಲ್ಲಿ, ಆ ಮನೆಗೆ ವೇದ ಕಲಿಯಲು ಬಂದಿದ್ದ ಪುಟ್ಟ ನಾಣಿ ತನ್ನಪ್ಪನ ಜೊತೆ ಊರಿಗೆ ಹೊರಟಾಗ, ತಲೆ ಬೋಳಿಸಿಕೊಂಡು ಮರದ ಕೆಳಗೆ ಒಬ್ಬಳೇ ಕೂತ ಆ ಮಗಳು ಯಮುನಕ್ಕ ಕಾಣುತ್ತಾಳೆ. ಅದನ್ನು ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಹಾಗಂತ ಸದ್ದೇ ಬೇಡ ಅನ್ನೋನಲ್ಲ ನಾನು. 'ಕೆಜಿಎಫ್' ಥಿಯೇಟರಿನಲ್ಲಿ ನೋಡಿ ಶಿಳ್ಳೆ ಹಾಕಿದೀನಿ, ಅಲ್ಲಿ ಸದ್ದೇ ಕಥೆ. ಆದರೆ ರಾಜ್ ಬಿ. ಶೆಟ್ಟಿಯವರ 'ಗರುಡ ಗಮನ ವೃಷಭ ವಾಹನ' ಅದಕ್ಕಿಂತ ಒಂದು ಹೆಜ್ಜೆ ಮುಂದೆ. ಕೊಂದು ಬಂದ ರೌಡಿ ಶಿವ ಮಳೆಯಲ್ಲಿ ಹುಲಿಕುಣಿತದ ಹೆಜ್ಜೆ ಹಾಕುತ್ತಾನೆ, ಹಿಂದೆ ಕೇಳೋದು ಮಾದಪ್ಪನ ಪದ. ಮಂಗಳೂರಿನ ಬೀದಿಯಲ್ಲಿ ಮಲೆ ಮಾದೇಶ್ವರನ ಹಾಡು! ಕೊಲೆಗಾರನ ಮೈಮೇಲೆ ದೇವರು ಬಂದಹಾಗೆ ಕಾಣುತ್ತೆ, ನನಗೆ ಭಯ ಆಯಿತು, ಭಕ್ತಿಯೂ ಬಂತು, ಎರಡೂ ಒಟ್ಟಿಗೆ. ಅಲ್ಲಿ ಹಾಡು ತೆಗೆದರೆ ಸೀನೇ ಇಲ್ಲ.

ನೋಡೋರನ್ನು ನಂಬೋ ಮಾತಿಗೆ ಬಂದರೆ, ಶಂಕರ್‌ನಾಗ್ 1985ರಲ್ಲೇ 'ಆಕ್ಸಿಡೆಂಟ್' ಮಾಡಿದ್ದರು. ಫುಟ್‌ಪಾತಿನಲ್ಲಿ ಮಲಗಿದವರ ಮೇಲೆ ರಾಜಕಾರಣಿಯ ಮಗ ಕಾರು ಹತ್ತಿಸುವ ಕಥೆ. ಥ್ರಿಲ್ಲರ್ ಬರೆಯೋರು ಅದನ್ನು ಒಂದು ಸಲವಾದರೂ ನೋಡಬೇಕು. ಈಗಿನ ಎಷ್ಟೋ ಥ್ರಿಲ್ಲರ್‌ಗಳಲ್ಲಿ ಕೊನೆಯ ಹತ್ತು ನಿಮಿಷ ಎಲ್ಲವನ್ನೂ ಬಿಡಿಸಿ ಹೇಳಿಬಿಡುತ್ತಾರೆ, ನಮಗೆ ಅರ್ಥವಾಗಲ್ಲ ಅಂತಲಾ?

ರಾತ್ರಿ ಅದೇ ದಂಟಿನ ಸೊಪ್ಪಿನ ಸಾರು. ತಟ್ಟೆ ತೊಳೆದಿಟ್ಟು ಬಂದ ಅಮ್ಮ, "ಆ ಬೆಂಕಿ ಮುಂದಿಂದು ಇನ್ನೊಂದ್ಸಲ ಹಾಕ್ತೀಯಾ?" ಅಂದಳು. ಹಾಕಿದೆ. ಈ ಸಲ ಬರಿಗೈಯಲ್ಲಿ ಕೂತು ನೋಡಿದಳು.