ಬಿಸಿಲು ಅನ್ನೋ ಪದ ಬಿಟ್ಟು ಬರಿ

ನಮ್ಮ ಶನಿವಾರದ ಕನ್ನಡ ಶಾಲೆಯ ಸಂಚಿಕೆಗೆ ಏನಾದ್ರೂ ಬರೆದು ಕೊಡಿ ಅಂತ ಸಂಪಾದಕರು ಮೂರು ವರ್ಷದಿಂದ ಕೇಳುತ್ತಿದ್ದರು. ಪ್ರತಿ ಸಲ ಆಫೀಸಿನ ನೆಪ ಹೇಳಿ ತಪ್ಪಿಸಿಕೊಂಡೆ. ಈ ಚಳಿಗಾಲ ಮೇಷ್ಟ್ರು ಹೋಗಿಬಿಟ್ಟರು. ಇನ್ನು ನೆಪ ಹೇಳೋಕೆ ನನಗೆ ಮುಖ ಇಲ್ಲ.

ಈಗಿನ ಮಕ್ಕಳಿಗೆ ಗೊತ್ತಿರಲಿಕ್ಕಿಲ್ಲ. ಆಗ ನಮ್ಮ ಶಾಲೆ ನಡೆಯುತ್ತಿದ್ದದ್ದು ಅಮೆರಿಕದ ಮಿನ್ನೆಸೋಟದಲ್ಲಿ, ಮಿನಿಯಾಪೊಲಿಸ್ ಹತ್ತಿರದ ಒಂದು ಚರ್ಚಿನ ನೆಲಮಾಳಿಗೆಯಲ್ಲಿ. ಶನಿವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡು. ಚಿಕ್ಕ ಮಕ್ಕಳಿಗೆ ಒಬ್ಬರು ಅಕ್ಕ ಅ ಆ ಇ ಈ ತಿದ್ದಿಸುತ್ತಿದ್ದರು. ದೊಡ್ಡವರು, ಅಂದರೆ ನಾವು ಎಂಟು ಜನ, ಮೇಷ್ಟ್ರ ಪಾಲು. ಊರಲ್ಲಿ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು, ರಿಟೈರ್ ಆಗಿ, ಮಗನ ಮನೆಗೆ ಬಂದವರು ಅವರು. ಕನ್ನಡ ಕಲಿಸೋಕೆ ಯಾರೂ ಸಿಗಲಿಲ್ಲ ಅಂತ ಅವರನ್ನು ಹಿಡಿದು ಕೂರಿಸಿದ್ದರು. ಹಾಗಾಗಿ ನಾವು ಕಲಿತ ಕನ್ನಡದಲ್ಲಿ ಲೆಕ್ಕ ಸ್ವಲ್ಪ ಜಾಸ್ತಿ. ಎರಡು ವರ್ಷದಲ್ಲಿ ಯಾವ ಪಾಠ ಮಾಡಿದರು ಅಂತ ಕೇಳಿದರೆ ಒಂದೂ ನೆನಪಿಲ್ಲ. ಅವರ ಕಂದು ಬಣ್ಣದ ಮಫ್ಲರ್ ಮಾತ್ರ ಚೆನ್ನಾಗಿ ನೆನಪಿದೆ. ಅದನ್ನು ಕಿವಿ ಮುಚ್ಚುವ ಹಾಗೆ ಸುತ್ತಿ, ಗದ್ದದ ಕೆಳಗೆ ಗಂಟು ಹಾಕಿಕೊಂಡೇ ಪಾಠ ಮಾಡುತ್ತಿದ್ದರು.

ಆ ಗಂಟು ಬಿಚ್ಚಿಸಬೇಕು ಅನ್ನೋದೇ ನಮ್ಮ ಹಟವಾಯಿತು. ಒಂದು ಜನವರಿ ಶನಿವಾರ, ಹೊರಗೆ ಫ್ಯಾರನ್‌ಹೀಟಿನ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ. ನೆಲಮಾಳಿಗೆಯ ಬಿಸಿ ಹೆಚ್ಚುಕಮ್ಮಿ ಮಾಡೋ ಥರ್ಮೋಸ್ಟಾಟ್‌ಗೆ ಪ್ಲಾಸ್ಟಿಕ್ ಡಬ್ಬಿ ಹಾಕಿ ಬೀಗ ಜಡಿದಿದ್ದರು, ಯಾರೂ ಮುಟ್ಟಬಾರದು ಅಂತ. ಡಬ್ಬಿಯ ಪಕ್ಕ ಗಾಳಿಯಾಡೋಕೆ ಸೀಳು ಇತ್ತು. ಹಿಂದಿನ ಬೆಂಚಿನ ಗೆಳೆಯನೊಬ್ಬ ಅದರೊಳಗೆ ಸ್ಕೇಲ್ ತೂರಿಸಿ, 68ರಲ್ಲಿದ್ದ ಕಡ್ಡಿಯನ್ನು 85ಕ್ಕೆ ತಳ್ಳಿದ. ಸೆಕೆಗೆ ಮೇಷ್ಟ್ರಿಗೆ ತೂಕಡಿಕೆ ಬರುತ್ತೆ, ನಾವು ಮೆಲ್ಲಗೆ ಮೇಲೆ ಹೋಗಿ ಹಿಮದಲ್ಲಿ ಆಡೋದು ಅಂತ ಪ್ಲಾನು.

ಮೇಷ್ಟ್ರು ಮಫ್ಲರ್ ಬಿಚ್ಚಿದರು. ಆಮೇಲೆ ಕೋಟು. ಆಮೇಲೆ ಸ್ವೆಟರ್. ತೂಕಡಿಸಲಿಲ್ಲ. ಮಂಡ್ಯದ ಮೇ ತಿಂಗಳು ನೋಡಿದವರು, 85 ಅವರಿಗೆ ಯಾವ ಲೆಕ್ಕ? ಹಾಯಾಗಿ ಪಾಠ ಮಾಡುತ್ತಾ ಹೋದರು. ನಿದ್ದೆ ಹತ್ತಿದ್ದು ನಮಗೆ. ನಾನು ಎದ್ದಾಗ ಕೆನ್ನೆಯ ಮೇಲೆ ನೋಟ್‌ಬುಕ್ಕಿನ ಸ್ಪೈರಲ್ ಅಚ್ಚು ಒತ್ತಿತ್ತು. ಬೋರ್ಡಿನ ಮೇಲೆ ದುಂಡಗಿನ ಅಕ್ಷರದಲ್ಲಿ ಬರೆದಿದ್ದರು: ‘ಎಂಟು ಮಕ್ಕಳಲ್ಲಿ ಏಳು ಮಕ್ಕಳು ನಿದ್ದೆ. ಶೇಕಡಾ ಎಷ್ಟು?’

ಎಚ್ಚರವಾಗಿದ್ದ ಒಬ್ಬನೇ ಒಬ್ಬ ಆ ಸ್ಕೇಲಿನ ಗೆಳೆಯ. ಸಿಕ್ಕಿಬೀಳ್ತೀನಿ ಅನ್ನೋ ಹೆದರಿಕೆಗೆ ಅವನಿಗೆ ನಿದ್ದೆ ಬಂದಿರಲಿಲ್ಲ. ಅವನು ಈಗ ಅರಿವಳಿಕೆ ತಜ್ಞ. ಜನರನ್ನು ಮಲಗಿಸೋದೇ ಕಸುಬು.

ಮೇಷ್ಟ್ರು ಯಾರಿಗೂ ದೂರು ಹೇಳಲಿಲ್ಲ. ‘87.5’ ಅಂತ ನಾನು ಉತ್ತರ ಹೇಳಿದ್ದಕ್ಕೆ ಬೆನ್ನು ತಟ್ಟಿದರು ಕೂಡ. (ಎಲ್ಲರಿಗಿಂತ ಮೊದಲು ಹೇಳಿದ್ದು ನಾನೇ. ಇದನ್ನು ದಾಖಲೆಗೆ ಅಂತ ಬರೆಯುತ್ತಿದ್ದೇನೆ.)

ಇಷ್ಟಕ್ಕೇ ಮುಗಿದಿದ್ದರೆ ಇದೊಂದು ತುಂಟತನದ ಕತೆ ಅಷ್ಟೇ. ಆದರೆ 2005ರ ವಸಂತದಲ್ಲಿ ನಾನು ಯೂನಿವರ್ಸಿಟಿ ಆರಿಸಿಕೊಳ್ಳಬೇಕಾಗಿ ಬಂದಾಗ ಮೇಷ್ಟ್ರು ಆ ಥರ್ಮೋಸ್ಟಾಟನ್ನು ಮತ್ತೆ ಹೊರಗೆ ತೆಗೆದರು.

ನನಗೆ ಚಳಿ ಸಾಕಾಗಿತ್ತು. ಹನ್ನೊಂದನೇ ವಯಸ್ಸಿಗೆ ಬಂದವನು, ಏಳು ವರ್ಷ ಹಿಮ ಗೋರಿದ್ದೆ. ನಮ್ಮ ರಾಜ್ಯದ ಸರ್ಕಾರಿ ಯೂನಿವರ್ಸಿಟಿಯಲ್ಲಿ ಸೀಟು ಇತ್ತು, ಖರ್ಚೂ ಅರ್ಧಕ್ಕಿಂತ ಕಮ್ಮಿ. ಅಲ್ಲಿ ಚಳಿಗಾಲದಲ್ಲಿ ಕಟ್ಟಡದಿಂದ ಕಟ್ಟಡಕ್ಕೆ ಸುರಂಗದಲ್ಲೇ ಓಡಾಡಬಹುದು. ನನಗೆ ಅದೇ ಬೇಡವಾಗಿತ್ತು. ಬೇರೆ ರಾಜ್ಯದ ಸರ್ಕಾರಿ ಯೂನಿವರ್ಸಿಟಿಗೆ ಹೋದರೆ ಹೊರಗಿನವರ ಫೀಸು. ನಮ್ಮ ಮಿನ್ನೆಸೋಟ ಜೊತೆ ಫೀಸು ಕಮ್ಮಿ ಮಾಡೋ ಒಪ್ಪಂದ ಇದ್ದದ್ದು ವಿಸ್ಕಾನ್ಸಿನ್, ಎರಡು ಡಕೋಟಾ, ಕೆನಡಾದ ಮ್ಯಾನಿಟೋಬಾ. ಎಲ್ಲ ಹಿಮದ ನಾಡುಗಳೇ! ಉಳಿದದ್ದು ಖಾಸಗಿ. ಅಲ್ಲಿ ನೀನು ಯಾವ ರಾಜ್ಯದವನು ಅಂತ ನೋಡಿ ಫೀಸು ಬದಲಾಗೋಲ್ಲ, ಎಲ್ಲರಿಗೂ ಒಂದೇ ಬರೆ. ಹ್ಯೂಸ್ಟನ್ನಿನ ರೈಸ್, ಫ್ಲಾರಿಡಾದ ಮಯಾಮಿ, ನ್ಯೂ ಆರ್ಲಿಯನ್ಸಿನ ಟುಲೇನ್, ಹೀಗೆ ಬೆಚ್ಚಗಿನ ಊರುಗಳಿಗೆ ಮಾತ್ರ ಅರ್ಜಿ ಹಾಕಿದ್ದೆ. ಟುಲೇನ್ ಸ್ಕಾಲರ್‌ಶಿಪ್ ಜೊತೆಗೆ ಸೀಟು ಕೊಟ್ಟಿತು. ಮೇ 1ರೊಳಗೆ ಹೂಂ ಅನ್ನಬೇಕು.

ಮಾರ್ಚ್ ಕೊನೆಗೆ ಅಪ್ಪನ ಜೊತೆ ಹೋಗಿ ನೋಡಿ ಬಂದೆ. ನಮ್ಮ ಮನೆ ಮುಂದೆ ಇನ್ನೂ ಕೊಳಕು ಹಿಮದ ಗುಡ್ಡೆ. ಅಲ್ಲಿ ಸೇಂಟ್ ಚಾರ್ಲ್ಸ್ ರಸ್ತೆಯಲ್ಲಿ ಹಸಿರು ಟ್ರಾಮು ಗಡಗಡ ಅಂತ ಬರುತ್ತಿದೆ. ಓಕ್ ಮರಗಳು ರಸ್ತೆಯ ಮೇಲೆ ಚಪ್ಪರ ಹಾಕಿವೆ. ಕ್ಯಾಂಪಸ್ಸಿನ ಒಂದು ಮರದ ತುಂಬಾ ಮಾರ್ಡಿ ಗ್ರಾ ಹಬ್ಬದ ಮಣಿಸರಗಳು, ಹುಡುಗರು ಎಸೆದು ಎಸೆದು ನೇತುಹಾಕಿದ್ದು. ಅಂಗಿ ತೋಳು ಮಡಚಿಕೊಂಡು ಹುಲ್ಲಿನ ಮೇಲೆ ಕೂತೆ. ಅಲ್ಲೇ ತೀರ್ಮಾನ ಆಗಿಹೋಗಿತ್ತು.

ಅಪ್ಪನಿಗೆ ಧೈರ್ಯ ಸಾಲಲಿಲ್ಲ. ‘ಮೇಷ್ಟ್ರನ್ನ ಒಂದು ಮಾತು ಕೇಳು’ ಅಂದರು. ಬ್ರೋಷರುಗಳನ್ನೆಲ್ಲ ಚೀಲದಲ್ಲಿ ತುಂಬಿಕೊಂಡು ಹೋದೆ.

ಮೇಷ್ಟ್ರು ಕಿಟಕಿ ಪಕ್ಕ ಕೂತು ಒಂದೊಂದೇ ಪುಟ ತಿರುವಿದರು. ಅರ್ಧ ಗಂಟೆ ಮಾತೇ ಇಲ್ಲ. ಆಮೇಲೆ ಕೇಳಿದರು, ‘ಎಲ್ಲಾದ್ರಲ್ಲೂ ಸೇರಿ ಎಷ್ಟು ಛತ್ರಿ ಇದೆ ಎಣಿಸಿದ್ಯೇನೋ?’ ನಾನು ಬೆಪ್ಪನಾದೆ. ‘ಒಂದೂ ಇಲ್ಲ. ಮಳೆ ಊರುಗಳು ಕಣೋ ಇವೆಲ್ಲ. ನೀನು ಮಾರ್ಚಲ್ಲಿ ನೋಡಿದೆ. ಪಾಠ ಶುರುವಾಗೋದು ಆಗಸ್ಟಲ್ಲಿ. ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30. ನಿನ್ನ ಫಸ್ಟ್ ಸೆಮಿಸ್ಟರ್ ಹೆಚ್ಚುಕಮ್ಮಿ ಪೂರ್ತಿ ಅದರೊಳಗೇ ಬಂತಲ್ಲ!’

ಬೇಡ ಅಂತ ಹೇಳ್ತಾರೇನೋ ಅಂದುಕೊಂಡೆ. ಹೇಳಲಿಲ್ಲ. ಕರೆಂಟ್ ಬಿಲ್ಲಿನ ಲಕೋಟೆ ತಿರುಗಿಸಿ ಪೆನ್ಸಿಲ್ ಹಿಡಿದರು. ನಾನು ಆರ್ಕಿಟೆಕ್ಚರ್ ಓದಬೇಕು ಅಂತಿದ್ದೆ, ಅದು ಐದು ವರ್ಷ. ‘ಸುಮ್ನೆ ಲೆಕ್ಕಕ್ಕೆ, ವರ್ಷದ ಖರ್ಚು 40 ಸಾವಿರ ಡಾಲರ್, ಸ್ಕಾಲರ್‌ಶಿಪ್ 20 ಅಂತ ಇಟ್ಕೋ. ಐದು ವರ್ಷಕ್ಕೆ ನಿಮ್ಮಪ್ಪ ಎಷ್ಟು ಕಟ್ಟಬೇಕು?’

‘ಒಂದು ಲಕ್ಷ.’

‘ತಪ್ಪು. ಫೀಸು ವರ್ಷವರ್ಷ ಏರುತ್ತೆ. ಸ್ಕಾಲರ್‌ಶಿಪ್ ಏರುತ್ತಾ? ಸಾಮಾನ್ಯವಾಗಿ ಇಲ್ಲ.’ ನೂರಕ್ಕೆ ಐದರಂತೆ ಏರಿಸುತ್ತಾ ಹೋದರು. 20, 22, 24.1, 26.3, 28.6. ಕೆಳಗೆ ಗೆರೆ ಎಳೆದು 121 ಅಂತ ಬರೆದು, ಸುತ್ತ ವೃತ್ತ ಹಾಕಿದರು. ‘ಐದನೇ ವರ್ಷಕ್ಕೂ ಸ್ಕಾಲರ್‌ಶಿಪ್ ಇರುತ್ತಾ, ಕೇಳಿದ್ಯಾ? ಅದು ಉಳೀಬೇಕಾದ್ರೆ ಜಿಪಿಎ, ಅಂದ್ರೆ ಸರಾಸರಿ ಗ್ರೇಡು, ಎಷ್ಟಿರಬೇಕು? ಮೊದಲನೇ ವರ್ಷ ಮುಗಿಸಿದವರಲ್ಲಿ ಎಷ್ಟು ಜನ ಎರಡನೇ ವರ್ಷಕ್ಕೆ ವಾಪಸ್ ಬರ್ತಾರೆ?’ ನಾನು ಒಂದನ್ನೂ ಕೇಳಿರಲಿಲ್ಲ. ಕ್ಯಾಂಪಸ್ ತೋರಿಸಿದ ಹುಡುಗಿಗೆ ನಾನು ಕೇಳಿದ ಒಂದೇ ಪ್ರಶ್ನೆ, ಕಡಲು ಎಷ್ಟು ದೂರ ಅಂತ.

ಆಗ ಅವರು ಹೋಂವರ್ಕ್ ಕೊಟ್ಟರು. ‘ಆ ಕಾಲೇಜು ನಿನಗೆ ಯಾಕೆ ಬೇಕು, ಒಂದು ಪುಟ ಬರ್ಕೊಂಡು ಬಾ. ಕನ್ನಡದಲ್ಲಿ. ಬಿಸಿಲು ಅನ್ನೋ ಪದ ಇರಬಾರದು. ಸೆಕೆ, ಕಡಲು, ಮರ, ಅವೂ ಇಲ್ಲ. 85ಕ್ಕೆ ಇಟ್ಟಾಗ ಏನಾಯ್ತು ನೆನಪಿದೆಯಲ್ಲ? ಬೆಚ್ಚಗಿದ್ದದ್ದಕ್ಕೆ ನೀವು ಓದಿದ್ರಾ?’

ಬರೆಯೋಕೆ ಕೂತರೆ ನಾಲ್ಕೂವರೆ ಸಾಲಿಗೆ ಪೆನ್ನು ನಿಂತಿತು. ‘ಕಟ್ಟಡಗಳು ಚೆನ್ನಾಗಿವೆ. ಊಟ ಚೆನ್ನಾಗಿದೆ. ಅಲ್ಲಿ ಎಲ್ಲರೂ ನಗುತ್ತಾರೆ.’ ಮೇಷ್ಟ್ರು ಕೆಂಪು ಇಂಕಿನಲ್ಲಿ ಪಕ್ಕಕ್ಕೆ ‘ಯಾಕೆ ನಗುತ್ತಾರೆ?’ ಅಂತ ಬರೆದು ವಾಪಸ್ ಕೊಟ್ಟರು.

ನಾಚಿಕೆಯಾಯಿತು. ಆರ್ಕಿಟೆಕ್ಚರ್ ವಿಭಾಗಕ್ಕೆ ಫೋನ್ ಮಾಡಿ, ಅಲ್ಲಿ ಓದುತ್ತಿದ್ದ ಒಬ್ಬರ ನಂಬರ್ ಇಸ್ಕೊಂಡೆ. ಸೆಪ್ಟೆಂಬರ್‌ನ ಒಂದು ಮಂಗಳವಾರ ಬೆಳಿಗ್ಗೆಯಿಂದ ರಾತ್ರಿವರೆಗೆ ಏನೇನು ಮಾಡ್ತೀರಿ ಅಂತ ಕೇಳಿದೆ. ಈ ಪ್ರಶ್ನೆಯೂ ಮೇಷ್ಟ್ರದ್ದೇ. ಬೆಳಿಗ್ಗೆ ಎಂಟಕ್ಕೇ ಅಂಗಿ ಬೆನ್ನಿಗೆ ಅಂಟಿರುತ್ತೆ, ಕ್ಲಾಸಿನೊಳಗೆ ಎ.ಸಿ. ಎಷ್ಟು ಜೋರು ಅಂದರೆ ಸ್ವೆಟರ್ ಬೇಕು ಅಂದ. ಮಧ್ಯಾಹ್ನ ಒಂದು ಮಳೆ ಬಂದರೆ ರಸ್ತೆಯಲ್ಲಿ ಮೊಣಕಾಲುದ್ದ ನೀರು. ಆಮೇಲೆ ದನಿ ಬದಲಾಯಿಸಿ ಸ್ಟುಡಿಯೋ ಬಗ್ಗೆ ಹೇಳತೊಡಗಿದ. ಹತ್ತು ಹನ್ನೆರಡು ಜನಕ್ಕೆ ಒಬ್ಬ ಪ್ರೊಫೆಸರು. ಮಾಡೆಲ್ ಕತ್ತರಿಸುತ್ತಾ ರಾತ್ರಿ ಎರಡು ಗಂಟೆ. ಊರಿನ ಸುಮಾರು ಅರ್ಧ ಭಾಗ ಸಮುದ್ರಮಟ್ಟಕ್ಕಿಂತ ತಗ್ಗಿನಲ್ಲಿರೋದರಿಂದ ಮನೆ ಕಟ್ಟೋದು ಅಲ್ಲಿ ಬರೀ ಚೆಂದದ ಮಾತಲ್ಲ ಅಂತಲೂ ಹೇಳಿದ. ಒಂದು ಗಂಟೆ ಮಾತಾಡಿದೆವು. ಆ ರಾತ್ರಿ ಹದಿನೆಂಟು ಸಾಲು ಬರೆದೆ.

ಮೇಷ್ಟ್ರು ಹತ್ತಕ್ಕೆ ಆರು ಕೊಟ್ಟರು. ಮಹಾಪ್ರಾಣಗಳೆಲ್ಲ ತಪ್ಪಾಗಿದ್ದವು. ‘ಹೋಗು’ ಅಂದರು.

ಅಪ್ಪ ಅಮ್ಮನ ಜೊತೆ ವ್ಯಾನಿನಲ್ಲಿ 1200 ಮೈಲಿ ಹೋಗಿ ನಾನು ಟುಲೇನ್ ತಲುಪಿದ್ದು 2005ರ ಆಗಸ್ಟ್ 27, ಶನಿವಾರ. ತಾರೀಕು ನೋಡಿದರೆ ಕೆಲವರಿಗೆ ಗೊತ್ತಾಗುತ್ತದೆ. ಬೆಳಿಗ್ಗೆ ಹಾಸಿಗೆ, ಬಟ್ಟೆ ಎಲ್ಲ ರೂಮಿಗೆ ಹೊತ್ತು ಹಾಕಿದೆವು. ಅದೇ ದಿನ, ಚಂಡಮಾರುತ ಬರ್ತಿದೆ, ಎಲ್ಲರೂ ಊರು ಬಿಡಿ ಅಂತ ಹೇಳಿದರು. ಅಪ್ಪ ಅಮ್ಮ ಜೊತೆಗಿಲ್ಲದ ನೂರಾರು ಹುಡುಗರನ್ನು ಬಸ್ಸಿನಲ್ಲಿ ಮಿಸಿಸಿಪಿಯ ಜಾಕ್ಸನ್‌ಗೆ ಕರೆದೊಯ್ದರು. ನಾವು ವ್ಯಾನ್ ತಿರುಗಿಸಿದೆವು. ಹೆದ್ದಾರಿಯ ಎರಡೂ ಬದಿಯ ಗಾಡಿಗಳನ್ನು ಊರಿನಿಂದ ಹೊರಗೇ ಬಿಡುತ್ತಿದ್ದರು. ಎರಡು ದಿನ ಕಳೆದು ಸೋಮವಾರ ಕತ್ರಿನಾ ಚಂಡಮಾರುತ ಬಡಿಯಿತು. ಒಡ್ಡುಗಳು ಒಡೆದು ಊರಿನ ನೂರಕ್ಕೆ ಎಂಬತ್ತು ಭಾಗ ಮುಳುಗಿತು. ಕ್ಯಾಂಪಸ್ಸಿನ ಮುಂಭಾಗ ಎತ್ತರದಲ್ಲಿದ್ದು ಉಳಿಯಿತು, ಹಿಂದಿನ ದೊಡ್ಡ ಭಾಗಕ್ಕೆ ನೀರು ನುಗ್ಗಿತು.

ಆ ಸೆಮಿಸ್ಟರ್ ಟುಲೇನ್ ಪೂರ್ತಿ ಬಾಗಿಲು ಹಾಕಿತ್ತು. ದೇಶದ ತುಂಬಾ ಬೇರೆ ಬೇರೆ ಯೂನಿವರ್ಸಿಟಿಗಳು ನಮ್ಮನ್ನು ಕೂರಿಸಿಕೊಂಡವು, ಎಷ್ಟೋ ಕಡೆ ಬೇರೆ ಫೀಸೂ ಕೇಳದೆ. ನಾನು ಸೇರಿದ್ದು ಎಲ್ಲಿ ಅಂತೀರಾ? ಬೇಡ ಅಂತ ಬಿಟ್ಟು ಹೋಗಿದ್ದ ಅದೇ ಸುರಂಗಗಳ ಯೂನಿವರ್ಸಿಟಿಗೆ. ಚೆನ್ನಾಗಿಯೇ ಇತ್ತು. ನಿಜ ಹೇಳಬೇಕಂದರೆ ಬಹಳ ಚೆನ್ನಾಗಿತ್ತು. ಡಿಸೆಂಬರ್ ಹೊತ್ತಿಗೆ ಇಲ್ಲೇ ಇದ್ದುಬಿಡೋಣ ಅನ್ನಿಸತೊಡಗಿತು. ಅಮ್ಮನಂತೂ ದೇವರಿಗೆ ಹೇಳಿಕೊಂಡಿದ್ದಳು.

ಮತ್ತೆ ಮೇಷ್ಟ್ರ ಮನೆ. ಅವರು ಅಭಿಪ್ರಾಯ ಹೇಳಲಿಲ್ಲ. ‘ಆ ಹಾಳೆ ಇದ್ಯಾ?’ ಅಂದರು. ಇತ್ತು. ಒಂದೊಂದೇ ಸಾಲು ಗಟ್ಟಿಯಾಗಿ ಓದಿಸಿದರು. ‘ಟ್ರಾಮಿನಲ್ಲಿ ಎಲ್ಲಿಗೆ ಬೇಕಾದರೂ ಹೋಗಬಹುದು’ ಅಂತಿತ್ತು. ಟ್ರಾಮು ನಿಂತಿತ್ತು, ಅದು ಮತ್ತೆ ಕ್ಯಾಂಪಸ್ ಮುಂದೆ ಓಡೋಕೆ ಎರಡು ವರ್ಷದ ಮೇಲೆ ಹಿಡಿಯಿತು. ಹೊಡೆದುಹಾಕಿದರು. ‘ಮನಸ್ಸು ಬದಲಾದರೆ ಸಿವಿಲ್ ಇಂಜಿನಿಯರಿಂಗ್‌ಗೆ ಹೋಗಬಹುದು.’ ಆ ತಿಂಗಳು ತಾನೇ ಟುಲೇನ್ ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ವಿಭಾಗಗಳನ್ನು ಮುಚ್ಚುವುದಾಗಿ ಹೇಳಿತ್ತು, ನಷ್ಟ ಅಷ್ಟಿತ್ತು. ಅದನ್ನೂ ಹೊಡೆದುಹಾಕಿದರು. ಕೊನೆಗೆ ಹದಿನೆಂಟರಲ್ಲಿ ಹದಿನೈದು ಸಾಲು ಉಳಿದವು. ತಗ್ಗಿನ ಊರಲ್ಲಿ ಮನೆ ಕಟ್ಟೋದು ಕಲೀಬೇಕು ಅನ್ನೋ ಸಾಲಿನ ಕೆಳಗೆ ಎರಡು ಗೆರೆ ಎಳೆದು, ಹಾಳೆ ಮಡಚಿ ನನ್ನ ಜೇಬಿಗೆ ಹಾಕಿದರು. ‘ಶೇಕಡಾ ಎಷ್ಟಾಯ್ತು ಮನೆಗೆ ಹೋಗಿ ಲೆಕ್ಕ ಹಾಕು.’

ಈಗ ನಮ್ಮ ಕನ್ನಡ ಶಾಲೆಯ ಮಕ್ಕಳೇ ಹದಿನೈದು ಇಪ್ಪತ್ತು ಕಾಲೇಜಿಗೆ ಅರ್ಜಿ ಹಾಕುತ್ತಾರೆ. ರ‍್ಯಾಂಕಿಂಗ್ ಬಾಯಿಪಾಠ. ಮನೆಗೆ ಎಷ್ಟು ಖರ್ಚು ಬೀಳುತ್ತೆ ಅಂತ ಅಂದಾಜು ಹೇಳುವ ಕ್ಯಾಲ್ಕುಲೇಟರನ್ನು 2011ರಿಂದ ಕಾಲೇಜುಗಳು ವೆಬ್‌ಸೈಟಿನಲ್ಲಿ ಇಡಲೇಬೇಕು ಅಂತ ಕಾನೂನೇ ಇದೆ. ಮೇಷ್ಟ್ರು ಅದನ್ನು ನೋಡಿ ಖುಷಿಪಟ್ಟಿದ್ದರು. ಆದರೆ ಸಾವಿರಾರು ಡಾಲರ್ ಕೊಟ್ಟು ಇಟ್ಟುಕೊಂಡ ಕೌನ್ಸೆಲರುಗಳು ಮಗುವಿನ ಪ್ರಬಂಧವನ್ನು ಉಜ್ಜಿ ಉಜ್ಜಿ ಫಳಫಳ ಮಾಡಿ ಕಳಿಸುತ್ತಾರೆ, ‘ಯಾಕೆ ನಗುತ್ತಾರೆ’ ಅಂತ ಪಕ್ಕಕ್ಕೆ ಬರೆಯೋರು ಕಾಣೆ. ಕನ್ನಡ ಕ್ಲಾಸೂ ಅರ್ಧ ಜೂಮ್‌ನಲ್ಲೇ. ಅದಕ್ಕೆ ಥರ್ಮೋಸ್ಟಾಟ್ ಎಲ್ಲಿಂದ ತರೋದು? ಇರಲಿ, ವಯಸ್ಸಾದವರ ಗೊಣಗಾಟ ಇದು. ಮೂವತ್ತೆಂಟಕ್ಕೇ ಶುರುವಾಗಿದೆ.

ನನ್ನ ಬಗ್ಗೆ ಜಾಸ್ತಿ ಹೇಳಿಕೊಳ್ಳಬಾರದು. ಆದರೂ, ನೀರು ನುಗ್ಗುವ ಜಾಗದಲ್ಲಿ ನೆಲದಿಂದ ಎತ್ತರಿಸಿ ಕಟ್ಟಿದ ಮೂವತ್ತಕ್ಕೂ ಹೆಚ್ಚು ಮನೆಗಳ ನಕ್ಷೆಯಲ್ಲಿ ನನ್ನ ಸಹಿ ಇದೆ ಅಂತ ಮೇಷ್ಟ್ರಿಗೆ ಹೇಳಿದ್ದೆ. ‘ಮೆಟ್ಟಿಲು ಎಷ್ಟು? ನನ್ನಂಥೋರು ಹತ್ತಬಹುದಾ?’ ಅಂತ ಕೇಳಿದ್ದರು.

2006ರ ಜನವರಿಯಲ್ಲಿ ಟುಲೇನ್ ಮತ್ತೆ ತೆರೆಯಿತು. ನಮ್ಮಲ್ಲಿ ಹೆಚ್ಚಿನವರು ವಾಪಸ್ ಬಂದಿದ್ದೆವು. ರಸ್ತೆ ಬದಿಯಲ್ಲಿ ಟೇಪು ಸುತ್ತಿದ ಹಾಳು ಫ್ರಿಜ್ಜುಗಳು. ಗೋಡೆಗಳ ಮೇಲೆ ನೀರು ನಿಂತಿದ್ದ ಕಂದು ಗೆರೆ. ಮಣಿಸರದ ಮರ ಮಾತ್ರ ಹಾಗೇ ಇತ್ತು. ಅದರ ಕೆಳಗೆ ನಿಂತು ಮೇಷ್ಟ್ರಿಗೆ ಫೋನ್ ಮಾಡಿದೆ.

‘ಸೇರಿದ್ಯಾ? ಬಿಸಿಲು ಹೇಗಿದೆ?’ ಅಂದರು.

‘ಆ ಪದ ಬಳಸೋ ಹಾಗಿಲ್ಲ ಅಲ್ವಾ ಮೇಷ್ಟ್ರೇ?’

ಆ ಕಡೆ ಮಫ್ಲರ್ ಸರಿಸಿ ನಗೋದು ಕೇಳಿಸಿತು. ‘ಇನ್ಮೇಲೆ ಬಳಸ್ಕೋ. ಮಹಾಪ್ರಾಣ ಇಲ್ಲದ ಪದ, ನೀನು ತಪ್ಪು ಮಾಡೋಲ್ಲ.’