ಮೊದಲು ಯಾವ ಯಂತ್ರ ಕೊಳ್ಳಬೇಕು? ಮೊದಲು ಒಂದು ಅರ ಕೊಳ್ಳಿ

ನನ್ನ ಮೇಜಿನ ಮೇಲಿರುವ ಕಂಪ್ಯೂಟರನ್ನು ನೋಡಿದವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: "ನನ್ನ ಕಂಪ್ಯೂಟರಿನ ಕ್ಯಾಬಿನೆಟ್ಟನ್ನೂ, ಅಂದರೆ ಭಾಗಗಳನ್ನೆಲ್ಲ ಕೂರಿಸುವ ತಗಡಿನ ಪೆಟ್ಟಿಗೆಯನ್ನೂ, ಹೀಗೆ ಬೇಕಾದಂತೆ ಕೊಯ್ದು ಮಾಡಿಕೊಳ್ಳಬೇಕು. ಮೊದಲು ಯಾವ ಯಂತ್ರ ಕೊಳ್ಳಲಿ?" ಕೇಳುವಾಗಲೇ ಅವರ ಮನಸ್ಸಿನಲ್ಲಿ ಒಂದು ಉತ್ತರ ಕುಳಿತಿರುತ್ತದೆ. ಪುಟ್ಟ ಚಕ್ರ ತಿರುಗಿಸಿ ಕಿಡಿ ಹಾರಿಸುವ ಡ್ರೆಮೆಲ್ ಬಗೆಯ ರೋಟರಿ ಯಂತ್ರ. ನಾನು ಹೇಳುವುದು ಬೇರೆ. ಅಳೆಯುವ, ಗುರುತು ಹಾಕುವ, ಉಜ್ಜುವ ಸಾಮಾನುಗಳನ್ನು ಮೊದಲು ಕೊಳ್ಳಿ. ಕೊಯ್ಯುವ ಯಂತ್ರ ಕೊನೆಗೆ ಬರಲಿ.

ಇದನ್ನು ನಾನು ಕಲಿತದ್ದು ಒಂದು ಹಳೆಯ ಕ್ಯಾಬಿನೆಟ್ಟಿನ ಮೇಲ್ಛಾವಣಿಯಲ್ಲಿ ಫ್ಯಾನ್ ಕೂರಿಸಲು ಹೊರಟಾಗ. ಯಂತ್ರ ಎರವಲು ಸಿಕ್ಕಿತ್ತು, ಹತ್ತು ನಿಮಿಷದಲ್ಲಿ ರಂಧ್ರವಾಯಿತು. ಫ್ಯಾನ್ ಇಟ್ಟು ನೋಡಿದರೆ ನಾಲ್ಕರಲ್ಲಿ ಒಂದು ಸ್ಕ್ರೂ ಕೂಡ ಸರಿಯಾಗಿ ಕೂರಲಿಲ್ಲ. 120 ಮಿ.ಮೀ. ಫ್ಯಾನ್ ಎಂದರೆ ಅದರ ಚೌಕಟ್ಟಿನ ಅಳತೆ ಮಾತ್ರ. ಸ್ಕ್ರೂ ರಂಧ್ರಗಳ ನಡುವಿನ ಅಂತರ ನಡುವಿನಿಂದ ನಡುವಿಗೆ 105 ಮಿ.ಮೀ. 140ರ ಫ್ಯಾನ್‌ಗೆ ಅದು 124.5, ಹಳೆಯ 80ರದ್ದಕ್ಕೆ 71.5. ನಾನು ಕಣ್ಣಳತೆಯಲ್ಲಿ ಚುಕ್ಕೆ ಇಟ್ಟಿದ್ದೆ. ಒಂದು ಸ್ಕ್ರೂ ಮೂರು ಮಿಲಿಮೀಟರ್ ತಪ್ಪಿದರೆ ಉಳಿದ ಮೂರೂ ತಪ್ಪುತ್ತವೆ. ಸರಿಪಡಿಸಲು ರಂಧ್ರಗಳನ್ನು ಅಗಲಿಸಿದೆ, ಅಂಚು ಅಲೆಅಲೆಯಾಯಿತು, ಅದನ್ನು ನೇರಮಾಡಲು ಎರಡು ಸಂಜೆ ಅರ (ಲೋಹ ಉಜ್ಜುವ ಫೈಲ್) ಹಿಡಿದು ಕುಳಿತೆ. ಕೊಯ್ತಕ್ಕೆ ಹತ್ತು ನಿಮಿಷ, ಉಜ್ಜುವುದಕ್ಕೆ ಎರಡು ಸಂಜೆ.

ಹಾಗಾಗಿ ಮೊದಲ ಖರ್ಚು ಹೀಗಿರಲಿ: 30 ಸೆಂ.ಮೀ.ನ ಉಕ್ಕಿನ ಅಳತೆಪಟ್ಟಿ, ಒಂದು ಮೂಲೆಮಟ್ಟ, ಒಂದು ವರ್ನಿಯರ್ ಕ್ಯಾಲಿಪರ್, ಮಾಸ್ಕಿಂಗ್ ಟೇಪ್, ಸೆಂಟರ್ ಪಂಚ್, ಸಣ್ಣ ಸುತ್ತಿಗೆ. ತಗಡಿನ ಮೇಲೆ ಪೂರ್ತಿ ಟೇಪ್ ಅಂಟಿಸಿ, ಅದರ ಮೇಲೆ ಪೆನ್ಸಿಲ್‌ನಲ್ಲಿ ಗೆರೆ ಎಳೆಯಿರಿ. ಗೆರೆ ಸ್ಪಷ್ಟವಾಗಿ ಕಾಣುತ್ತದೆ, ಕೈ ಜಾರಿದರೂ ಬಣ್ಣಕ್ಕೆ ಗೀರು ಬೀಳುವುದು ಕಡಿಮೆಯಾಗುತ್ತದೆ. ರಂಧ್ರ ಬೇಕಾದಲ್ಲಿ ಸೆಂಟರ್ ಪಂಚ್ ಇಟ್ಟು ಒಂದು ಪೆಟ್ಟು. ಆ ಪುಟ್ಟ ಗುಳಿ ಇಲ್ಲದಿದ್ದರೆ ಡ್ರಿಲ್‌ನ ಮೊನೆ ನುಣುಪಾದ ತಗಡಿನ ಮೇಲೆ ಅಲೆದಾಡುತ್ತದೆ, ನಿಮ್ಮ ಅಳತೆಯೆಲ್ಲ ವ್ಯರ್ಥ.

ಇನ್ನು ಅರ. ಇದರ ಬಗ್ಗೆ ಯಾರೂ ಕೇಳುವುದಿಲ್ಲ, ನನಗೆ ಹೇಳಲು ಬಹಳ ಇದೆ. ಒಂದು ಮೈ ಚಪ್ಪಟೆ, ಇನ್ನೊಂದು ಮೈ ಉಬ್ಬಿರುವ ಅರವನ್ನು ಅಂಗಡಿಯಲ್ಲಿ ಹಾಫ್ ರೌಂಡ್ ಎಂದು ಕೇಳಿ. ಚಪ್ಪಟೆ ಮೈ ನೇರ ಅಂಚಿಗೆ, ಉಬ್ಬಿದ ಮೈ ಫ್ಯಾನ್‌ನ ವೃತ್ತದ ಒಳಅಂಚಿಗೆ. ಮೂಲೆಗಳಿಗೆ ಸೂಜಿಯಂಥ ಸಣ್ಣ ಅರಗಳ ಒಂದು ಕಟ್ಟು ಸಾಕು. ಅರ ಕೊರೆಯುವುದು ಮುಂದಕ್ಕೆ ತಳ್ಳುವಾಗ ಮಾತ್ರ. ಹಿಂದಕ್ಕೆ ಎಳೆಯುವಾಗ ಎತ್ತಿಬಿಡಬೇಕು. ಒತ್ತಿ ಹಿಂದೆ ಎಳೆದರೆ ಹಲ್ಲು ಮೊಂಡಾಗುತ್ತದೆ. ಅಲ್ಯೂಮಿನಿಯಂ ಉಜ್ಜುವ ಮುನ್ನ ಅರದ ಮೈಗೆ ಸೀಮೆಸುಣ್ಣ ತಿಕ್ಕಿ, ಪುಡಿ ಹಲ್ಲುಗಳ ನಡುವೆ ಅಂಟಿಕೊಳ್ಳುವುದು ಕಡಿಮೆಯಾಗುತ್ತದೆ. ಗೆರೆಯ ಒಳಗೆ ಒಂದು ಮಿಲಿಮೀಟರ್ ಬಿಟ್ಟು ಕೊಯ್ದು, ಉಳಿದದ್ದನ್ನು ಅರದಿಂದ ಗೆರೆಯವರೆಗೆ ತರುವುದೇ ನನ್ನ ಕ್ರಮ. ಅಂಚಿನ ಮೇಲೆ ಬೆರಳು ಆಡಿಸಿದಾಗ ಎಲ್ಲೂ ತಡೆಯದಂತಾಗುವ ಕ್ಷಣ ಇದೆಯಲ್ಲ, ಈ ಹವ್ಯಾಸದಲ್ಲಿ ನನಗೆ ಅದಕ್ಕಿಂತ ಇಷ್ಟವಾದದ್ದು ಬೇರೇನಿಲ್ಲ.

ಇವೆಲ್ಲ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೇ ಸಿಗುತ್ತವೆ. ಕ್ಯಾಬಿನೆಟ್, ಫ್ಯಾನ್ ಕೊಳ್ಳಲು ಹೋದವರು ಅಷ್ಟಕ್ಕೇ ಹಿಂದಿರುಗುತ್ತಾರೆ. ಅದೇ ಸಾದರ ಪತ್ರಪ್ಪ ರಸ್ತೆಯಲ್ಲಿ ಕೈಸಾಮಾನು, ಸ್ಕ್ರೂ, ಡ್ರಿಲ್ ಬಿಟ್ ಮಾರುವ ಅಂಗಡಿಗಳೂ ಇವೆ. ಚಿಕ್ಕಪೇಟೆ ಮೆಟ್ರೊ ನಿಲ್ದಾಣದಿಂದ ನಡೆದೇ ಹೋಗಬಹುದು. ಭಾನುವಾರ ಹೋಗಬೇಡಿ, ಬಹುಪಾಲು ಅಂಗಡಿಗಳು ಮುಚ್ಚಿರುತ್ತವೆ. ಅರವನ್ನು ಕೈಯಲ್ಲಿ ಹಿಡಿದು, ಹಲ್ಲು ನೋಡಿ ಕೊಳ್ಳಿ.

ಎರಡನೆಯ ಸುತ್ತಿನ ಖರೀದಿ ಡ್ರಿಲ್. ಮನೆಯ ಗೋಡೆಗೆ ಬಳಸುವ ಸಾಧಾರಣ ಡ್ರಿಲ್ ಸಾಕು, ಕುಟ್ಟುತ್ತಾ ಕೊರೆಯುವ ಹ್ಯಾಮರ್ ಗುಂಡಿ ಮಾತ್ರ ಆಫ್ ಆಗಿರಲಿ. ಅದರ ಜೊತೆಗೆ ಸ್ಟೆಪ್ ಬಿಟ್ ಕೊಳ್ಳಲೇಬೇಕು, ಮೆಟ್ಟಿಲು ಮೆಟ್ಟಿಲಾಗಿ ಅಗಲವಾಗುವ ಶಂಕುವಿನಾಕಾರದ ಬಿಟ್ ಅದು. ಸಾಮಾನ್ಯ ಬಿಟ್ಟಿನಿಂದ ತೆಳು ತಗಡಿನಲ್ಲಿ ದೊಡ್ಡ ರಂಧ್ರ ಕೊರೆದರೆ ಅದು ದುಂಡಾಗುವ ಬದಲು ಮುಮ್ಮೂಲೆಯಾಗುತ್ತದೆ, ತಗಡನ್ನೇ ಕಚ್ಚಿ ತಿರುಗಿಸಿಬಿಡುತ್ತದೆ. ಕೊರೆಯುವಾಗ ತಗಡಿನ ಕೆಳಗೆ ಪ್ಲೈವುಡ್ ತುಂಡೊಂದನ್ನು ಇಟ್ಟು ಎರಡನ್ನೂ ಕ್ಲಾಂಪ್‌ನಿಂದ ಬಿಗಿಯಿರಿ. ಒಳಗೆ ಹಾರ್ಡ್ ಡಿಸ್ಕ್ ಕೂರಿಸುವ ಡ್ರೈವ್ ಚೌಕಟ್ಟು ತೆಗೆಯಬೇಕಾದರೆ ಅದರ ರಿವೆಟ್ಟುಗಳ (ತಗಡುಗಳನ್ನು ಬಿಗಿದಿಡುವ ಲೋಹದ ಗುಬ್ಬಿಮೊಳೆಗಳ) ತಲೆಯನ್ನು ಡ್ರಿಲ್‌ನಿಂದಲೇ ಕೊರೆದು ಹಾರಿಸಬಹುದು. ಮರಳಿ ಜೋಡಿಸಲು 3.2 ಮಿ.ಮೀ. ಪಾಪ್ ರಿವೆಟ್ ಮತ್ತು ರಿವೆಟ್ ಗನ್ ಬೇಕು.

ಒಂದು ವಿಷಯದಲ್ಲಿ ನಾನು ಹಟಮಾರಿ. ಕೊಯ್ಯುವ ಮುನ್ನ ಮದರ್‌ಬೋರ್ಡ್, ವೈರು, ಡ್ರೈವ್, ಪವರ್ ಸಪ್ಲೈ ಎಲ್ಲವನ್ನೂ ಹೊರಗೆ ತೆಗೆಯಿರಿ. ಬಟ್ಟೆ ಮುಚ್ಚಿದರೆ ಸಾಲದು. ಕಣ್ಣಿಗೆ ಕಾಣದ ಒಂದು ಉಕ್ಕಿನ ಚೂರು ಎರಡು ಪಿನ್‌ಗಳ ನಡುವೆ ಬಿದ್ದರೆ ಬೋರ್ಡ್ ಸುಟ್ಟೇಹೋಗಬಹುದು. ಪವರ್ ಸಪ್ಲೈಯ ಪೆಟ್ಟಿಗೆಯನ್ನಂತೂ ಬಿಚ್ಚಲೇಬೇಡಿ, ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ವಿದ್ಯುತ್ ಉಳಿದಿರುತ್ತದೆ. ಕೆಲಸ ಮುಗಿದ ಮೇಲೆ ಆಯಸ್ಕಾಂತವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಮೂಲೆಮೂಲೆಗೂ ಆಡಿಸಿ. ಚೀಲ ತಿರುವಿದರೆ ಪುಡಿಯೆಲ್ಲ ಅದರೊಳಗೆ. ಅಲ್ಯೂಮಿನಿಯಂ ಆಯಸ್ಕಾಂತಕ್ಕೆ ಅಂಟುವುದಿಲ್ಲ, ಅದಕ್ಕೆ ಕುಂಚ ಮತ್ತು ಒದ್ದೆ ಬಟ್ಟೆಯೇ ಗತಿ. ಬಾಡಿಗೆ ಮನೆಯಾದರೆ ಬಾಲ್ಕನಿಯಲ್ಲಿ ಹಳೆಯ ಪತ್ರಿಕೆ ಹಾಸಿಕೊಂಡೇ ಕೂರಿ. ನೆಲದಲ್ಲಿ ಉಳಿದ ಉಕ್ಕಿನ ಪುಡಿ ಒಂದು ಮಳೆಗೆ ತುಕ್ಕಿನ ಕಲೆಯಾಗುತ್ತದೆ.

ಪಕ್ಕದ ಬಾಗಿಲಿಗೆ ಅಕ್ರಿಲಿಕ್ ಕಿಟಕಿ ಬೇಕೆನ್ನುವವರಿಗೂ ಆರಂಭದಲ್ಲಿ ಯಂತ್ರ ಬೇಡ. 3 ಮಿ.ಮೀ. ಹಾಳೆಯ ಮೇಲಿನ ರಕ್ಷಣಾ ಕಾಗದ ಕೀಳದೆ, ಅಳತೆಪಟ್ಟಿ ಹಿಡಿದು ಅಕ್ರಿಲಿಕ್ ಚಾಕುವಿನಿಂದ ಒಂದೇ ಗೆರೆಯಲ್ಲಿ ಹಲವು ಸಲ ಗೀರಿ, ಮೇಜಿನ ಅಂಚಿಗಿಟ್ಟು ಒತ್ತಿದರೆ ನೇರವಾಗಿ ಮುರಿಯುತ್ತದೆ. ರೋಟರಿ ಯಂತ್ರದ ವೇಗಕ್ಕೆ ಅದು ಕರಗಿ ಚಕ್ರಕ್ಕೆ ಮೆತ್ತಿಕೊಳ್ಳುತ್ತದೆ.

ಬಣ್ಣದ ಮಾತು ಚಿಕ್ಕದು. ಜೂನ್‌ನಿಂದ ಅಕ್ಟೋಬರ್‌ವರೆಗೆ, ಗಾಳಿಯಲ್ಲಿ ತೇವ ಇರುವ ದಿನ, ಸ್ಪ್ರೇ ಮಾಡಬೇಡಿ. ಹೊಳಪು ಹೋಗಿ ಬೆಳ್ಳಗೆ ಮಂಜು ಕಟ್ಟುತ್ತದೆ. ಎನ್95 ಮುಖಗವಸು ಪುಡಿಯನ್ನು ತಡೆಯುತ್ತದೆ, ಬಣ್ಣದ ಆವಿಯನ್ನು ತಡೆಯುವುದಿಲ್ಲ. ಅದಕ್ಕೆ ಇದ್ದಿಲಿನ ಫಿಲ್ಟರ್ ಇರುವ ಮುಖವಾಡವೇ ಬೇಕು.

ಇಷ್ಟೆಲ್ಲ ಕೈಗೆ ಬಂದ ಮೇಲೆ, ಗುಜರಿಯಿಂದ ತಂದ ಒಂದು ಪಕ್ಕದ ಬಾಗಿಲಿನ ಮೇಲೆ ಡ್ರಿಲ್ ಮತ್ತು ಅರದಿಂದಲೇ ಎರಡು ಮೂರು ಫ್ಯಾನ್ ವೃತ್ತ ಕೊರೆದು ಉಜ್ಜಿ ನೋಡಿದ ಮೇಲೆ, ರೋಟರಿ ಯಂತ್ರ ಕೊಳ್ಳಿ. ಚಕ್ರಗಳನ್ನು ಕೊಳ್ಳುವಾಗ ನಾರಿನ ಬಲೆಯಿಂದ ಬಲಪಡಿಸಿದವನ್ನೇ ಕೇಳಿ. ತೆಳುವಾದ ಬರಿಯ ಚಕ್ರ ಸ್ವಲ್ಪ ಓರೆಯಾದರೂ ಸಿಡಿದು ಚೂರಾಗುತ್ತದೆ, ಆ ಚೂರು ಮುಖಕ್ಕೇ ಹಾರಿಬರುತ್ತದೆ. ಪಕ್ಕವೂ ಮುಚ್ಚಿರುವ ಕನ್ನಡಕವನ್ನು ಯಂತ್ರದ ಜೊತೆಯಲ್ಲೇ, ಅದೇ ಬಿಲ್ಲಿನಲ್ಲಿ ಕೊಳ್ಳಿ.